ಗರ್ಭನೀರು ಹೆಚ್ಚಿದ್ದರೆ ನೀರು ಕುಡಿಯುವುದನ್ನು ಕಡಿಮೆ ಮಾಡಬೇಕೇ?

ಪ್ರಶ್ನೆ (ಹಡಪಸರ, ಪುಣೆ):
ನನ್ನ ಪತ್ನಿಗೆ ಈಗ 31 ವಾರ. ಸ್ಕ್ಯಾನಿಂಗ್ ವರದಿಯಲ್ಲಿ ಎಎಫ್‌ಐ (ಗರ್ಭನೀರಿನ ಅಳತೆ) 27 ಸೆಂ.ಮೀ. ಎಂದು ಬರೆದು, ‘ಪಾಲಿಹೈಡ್ರಾಮ್ನಿಯೋಸ್’, ಅಂದರೆ ಗರ್ಭನೀರು ಹೆಚ್ಚಿದೆ ಎಂದು ನಮೂದಿಸಿದ್ದಾರೆ. ನೀರು ಕಡಿಮೆ ಕುಡಿದರೆ ಸರಿಹೋಗುತ್ತದೆ ಎಂದು ಮನೆಯ ಹಿರಿಯರು ಹೇಳಿದಾಗಿನಿಂದ, ಬಾಯಾರಿದರೂ ಅವಳು ಲೋಟ ಮುಟ್ಟಲು ಹೆದರುತ್ತಿದ್ದಾಳೆ. ಕುಬಸ ಮುಗಿದಿದೆ, ಮುಂದಿನ ತಿಂಗಳು ಹೆರಿಗೆಗೆಂದು ಹುಬ್ಬಳ್ಳಿಯ ತವರಿಗೆ ರಾತ್ರಿಯ ರೈಲಿನಲ್ಲಿ ಕಳುಹಿಸಬಹುದೇ?

ಉತ್ತರ 1 (ಕೋಥ್ರೂಡ್, ಪುಣೆ):
ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು ನಾನು. ದಯವಿಟ್ಟು ಆಕೆಗೆ ಬೇಕಾದಷ್ಟು ನೀರು ಕುಡಿಯಲು ಹೇಳಿ. ಗರ್ಭದ ಅರ್ಧ ಅವಧಿ ಕಳೆದ ಮೇಲೆ ಈ ದ್ರವದ ಬಹುಪಾಲು ಮಗುವಿನ ಮೂತ್ರದಿಂದಲೇ ಆಗುತ್ತದೆ, ಮಗು ಅದನ್ನು ನುಂಗುತ್ತಲೂ ಇರುತ್ತದೆ. ಮೂತ್ರ ಹೆಚ್ಚಾದರೆ ಅಥವಾ ನುಂಗಲು ಅಡ್ಡಿಯಾದರೆ ದ್ರವ ಏರುತ್ತದೆಯೇ ಹೊರತು, ತಾಯಿ ಕುಡಿದ ನೀರು ನೇರವಾಗಿ ಅಲ್ಲಿ ಹೋಗಿ ತುಂಬಿಕೊಳ್ಳುವುದಿಲ್ಲ. ತಾಯಿಯ ಸಕ್ಕರೆ ಏರಿದಾಗ ಮಗು ಹೆಚ್ಚು ಮೂತ್ರ ಮಾಡುವುದರಿಂದ, 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆಯುವ ಪರೀಕ್ಷೆಯಲ್ಲಿ ಅಂಕಿ 140ಕ್ಕೆ ಮುಟ್ಟಿತ್ತೇ ಎಂದು ನೋಡಿ. ಹಿಂದೆ ಸರಿಯಿದ್ದರೂ ಮತ್ತೊಮ್ಮೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ಮಗುವಿನ ಅನ್ನನಾಳ ಅಥವಾ ಕರುಳಿನಲ್ಲಿ ತಡೆ ಇರಬಹುದೇ, ಆಕೆಯ ರಕ್ತದ ಗುಂಪು ನೆಗೆಟಿವ್ ಆಗಿದೆಯೇ ಎಂಬುದನ್ನೂ ಅವರು ಪರಿಶೀಲಿಸುತ್ತಾರೆ. 25ರಿಂದ 30ರವರೆಗಿನ ಎಎಫ್‌ಐಯನ್ನು ಸೌಮ್ಯವೆಂದೇ ಎಣಿಸುತ್ತಾರೆ. ಇಂತಹವರಲ್ಲಿ ಹೆಚ್ಚಿನವರಿಗೆ ಯಾವ ಕಾರಣವೂ ಸಿಗುವುದಿಲ್ಲ, ಆಗಾಗ ಸ್ಕ್ಯಾನ್ ಮಾಡಿ ಕಾಯುವುದೇ ಚಿಕಿತ್ಸೆ. ಸೂಜಿಯಿಂದ ದ್ರವ ತೆಗೆಯುವುದು ಉಸಿರಾಡಲೂ ಕಷ್ಟವಾಗುವಷ್ಟು ತುಂಬಿದಾಗ ಮಾತ್ರ.

ಉತ್ತರ 2 (ಡೊಂಬಿವಲಿ, ಮುಂಬೈ):
ನನ್ನ ತಂಗಿಗೂ ಹೀಗೆಯೇ ಇತ್ತು. ಮಗು ಹುಟ್ಟಿದ ಕೂಡಲೇ, ಮೊದಲ ಹಾಲು ಕುಡಿಸುವ ಮುನ್ನ, ವೈದ್ಯರು ಎಳೆಯ ಬಾಯಿಯಿಂದ ಹೊಟ್ಟೆಯವರೆಗೆ ಸಣ್ಣ ನಳಿಕೆ ಇಳಿಸಿದಾಗ ನಾವೆಲ್ಲ ಗಾಬರಿಯಾದೆವು. ಅನ್ನನಾಳ ತೆರೆದಿದೆಯೇ ಎಂದು ನೋಡಲು ಹಾಗೆ ಮಾಡುತ್ತಾರಂತೆ. ನಿಮ್ಮವರಿಗೆ ಮೊದಲೇ ತಿಳಿಸಿಡಿ.

ಉತ್ತರ 3 (ಮಡಗಾಂವ್, ಗೋವಾ):
ರೈಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ವೈದ್ಯರ ಒಪ್ಪಿಗೆಯಿಲ್ಲದೆ ಕಳುಹಿಸಬೇಡಿ. ಗರ್ಭಕೋಶ ಅತಿಯಾಗಿ ಹಿಗ್ಗಿದಾಗ ಅವಧಿಗೆ ಮುನ್ನವೇ ನೀರು ಒಡೆಯಬಹುದು, ಆ ರಭಸದಲ್ಲಿ ಹೊಕ್ಕುಳಬಳ್ಳಿ ಜಾರಿ ಕೆಳಗೆ ಬರಬಹುದು. ನಡುರಾತ್ರಿ ಮಿರಜ್ ದಾಟಿದ ಮೇಲೆ ಹಾಗಾದರೆ ಬೋಗಿಯಲ್ಲಿ ಏನು ಮಾಡಲಾದೀತು? ಹೆರಿಗೆಯ ನಂತರ ರಕ್ತಸ್ರಾವದ ಭಯವೂ ಇರುವುದರಿಂದ, ರಕ್ತದ ವ್ಯವಸ್ಥೆ ಮತ್ತು ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಯನ್ನು ಪುಣೆಯಲ್ಲೇ ಗೊತ್ತುಮಾಡಿಕೊಂಡು, ಬಾಣಂತನಕ್ಕೆ ಅತ್ತೆಯವರನ್ನೇ ಅಲ್ಲಿಗೆ ಕರೆಸಿಕೊಳ್ಳಿ. ಮನೆಯಲ್ಲಿ ನೀರು ಒಡೆದರೆ ಆಕೆಯನ್ನು ನಡೆಸದೆ, ಎಡಮಗ್ಗುಲಾಗಿ ಮಲಗಿಸಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ, ಆಂಬುಲೆನ್ಸಿಗೆ 108.