ಓದುಗರ ಸ್ಪಂದನ: ‘ಎಟಿಎಂ ಕಾರ್ಡ್ ಬಚ್ಚಿಟ್ಟದ್ದು ತಪ್ಪಾ?’

ಕಳೆದ ಸಂಚಿಕೆಯಲ್ಲಿ ಕುಮಟಾ ಕಡೆಯ ಓದುಗರೊಬ್ಬರು ತಮ್ಮ ಯಜಮಾನರ ಬಗ್ಗೆ ಬರೆದಿದ್ದರು. ಮೇ ಕೊನೆಯಲ್ಲಿ ಹತ್ತು ದಿನ ಅವರಿಗೆ ರಾತ್ರಿ ಎರಡು ತಾಸೂ ನಿದ್ದೆಯಿಲ್ಲ. ಬಿಡುವಿಲ್ಲದ ಮಾತು. ಸಾಲ ಮಾಡಿ ಎರಡನೇ ದೋಣಿಗೆ ಮುಂಗಡ ಕೊಟ್ಟರು. ಆಸ್ಪತ್ರೆಯಲ್ಲಿ ಇದು ಬೈಪೋಲಾರ್ ಕಾಯಿಲೆಯ (ಮನಸ್ಸು ಕೆಲ ಕಾಲ ವಿಪರೀತ ಏರಿ, ಕೆಲ ಕಾಲ ಕುಸಿಯುವ ಕಾಯಿಲೆ) ಮೇನಿಯಾ, ಅಂದರೆ ಏರಿದ ಹಂತ ಎಂದರು. ಈಗ ಆರಾಮಿದ್ದಾರೆ, ಆದರೆ ಗುಳಿಗೆ ಬೇಡ ಅನ್ನುತ್ತಿದ್ದಾರೆ. ‘ಆಗ ಅವರ ಎಟಿಎಂ ಕಾರ್ಡ್ ಬಚ್ಚಿಟ್ಟೆ. ಅದಕ್ಕೆ ಇನ್ನೂ ಸಿಟ್ಟಿದೆ. ನಾನು ಮಾಡಿದ್ದು ತಪ್ಪಾ?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಹೆಸರುಗಳನ್ನು ಬಿಟ್ಟಿದ್ದೇವೆ.

*

ತಪ್ಪು. ಅವರು ಮಗುವಲ್ಲ. ಕೇಳಿ ಇಟ್ಟುಕೊಳ್ಳಬೇಕಿತ್ತು.
– ಹೊನ್ನಾವರದಿಂದ

*

ಮೊದಲ ಸಲ ಬಂದಾಗ ಇದು ಕಾಯಿಲೆ ಎಂದೇ ಮನೆಯವರಿಗೆ ಹೊಳೆಯುವುದಿಲ್ಲ. ಮುಂದಿನ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

*

ತಂಗಿ, ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ನನಗೆ ಯಾವ ಕೆಲಸಕ್ಕೂ ಕೈ ಓಡಲಿಲ್ಲ. ಇದು ನನ್ನ ಅಣ್ಣನ ಕಥೆ.

ಆ ವರ್ಷ ಸಿರ್ಸಿಯಲ್ಲಿ ಮಾರಿಕಾಂಬಾ ಜಾತ್ರೆ. ಜಾತ್ರೆಯ ಗದ್ದಲದಲ್ಲಿ ಅವನ ಗದ್ದಲ ನಮಗೆ ಗೊತ್ತೇ ಆಗಲಿಲ್ಲ. ರಾತ್ರಿಯಿಡೀ ಪೇಟೆ ಸುತ್ತಿ, ಬೆಳಿಗ್ಗೆ ನಾಲ್ಕಕ್ಕೆ ಬಂದು ತೋಟಕ್ಕೆ ನೀರು ಬಿಡುತ್ತಿದ್ದ. ದಣಿವೇ ಇಲ್ಲ. ಹಿಂದಿನ ಮಳೆಗಾಲವಿಡೀ ಮಂಕಾಗಿ ಮೆತ್ತಿನ ಮೇಲೆ ಮಲಗಿದ್ದವನು ಅವನು. ‘ಅಂತೂ ಮಗ ಎದ್ದ’ ಎಂದು ಆಯಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆ ಮಂಕಿಗೆ ಬರೀ ಖಿನ್ನತೆಯ ಗುಳಿಗೆ ನುಂಗುತ್ತಿದ್ದ. ಬೈಪೋಲಾರ್ ಇದ್ದವರಲ್ಲಿ ಅದೊಂದನ್ನೇ ಕೊಟ್ಟರೆ ಮೇನಿಯಾ ಕೆರಳಬಹುದು ಎಂದು ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಜಾತ್ರೆ ಮುಗಿಯಿತು. ಅವನು ನಿಲ್ಲಲಿಲ್ಲ. ಅಡಿಕೆ ಮಾರಿದ ದುಡ್ಡನ್ನು ಸಿಕ್ಕವರಿಗೆಲ್ಲ ಹಂಚಿದ. ತಡೆದರೆ ಮೈಮೇಲೆ ಬರುತ್ತಿದ್ದ. ದೇವಿ ತನ್ನ ಹತ್ತಿರ ಮಾತಾಡುತ್ತಾಳೆ ಅಂದ. ಆಯಿ ಅದನ್ನೂ ನಂಬಿದಳು. ಕೊನೆಗೆ ಧಾರವಾಡಕ್ಕೆ ಕರೆದೊಯ್ದೆವು. ದಾಖಲು ಮಾಡುವಾಗ ಅಪ್ಪಯ್ಯನ ಕೈ ನಡುಗುತ್ತಿತ್ತು. ಸಹಿ ಹಾಕಿದ್ದು ನಾನು.

ನಾಲ್ಕು ವರ್ಷ ಅಣ್ಣ ನನ್ನ ಹತ್ತಿರ ಮಾತಾಡಲಿಲ್ಲ. ನನ್ನ ಮದುವೆಗೆ ಬಂದ, ಎಲ್ಲರಿಗೂ ಬಡಿಸಿದ. ನನ್ನ ಎಲೆ ಬಂದಾಗ ಬುಟ್ಟಿಯನ್ನು ಪಕ್ಕದವನ ಕೈಗೆ ಕೊಟ್ಟು ಹೋದ. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಐದನೇ ವರ್ಷ ಒಂದು ರಾತ್ರಿ ಫೋನ್ ಬಂತು. ‘ಮೂರು ದಿನದಿಂದ ನಿದ್ದೆ ಕಡಿಮೆ. ಆದ್ರೂ ಸುಸ್ತಿಲ್ಲ. ನಾಳೆ ಡಾಕ್ಟರ ಹತ್ತಿರ ಜೊತೆಗೆ ಬರ್ತೀಯಾ?’ ಅಂದ. ಮೊದಲ ಬಸ್ಸಿಗೇ ಹೊರಟೆ. ಆ ಸಲ ಔಷಧಿ ಬದಲಿಸಿದ್ದೇ ಸಾಕಾಯಿತು, ದಾಖಲಾಗಬೇಕಾಗಲಿಲ್ಲ.

ನಿಮ್ಮ ಯಜಮಾನರ ಸಿಟ್ಟು ಯಾವಾಗ ಇಳಿಯುತ್ತದೋ ನನಗೆ ಹೇಳಲು ಬರುವುದಿಲ್ಲ. ನೀವು ಕಾರ್ಡ್ ಬಚ್ಚಿಟ್ಟಿರಿ. ನಾನು ಸಹಿ ಹಾಕಿದೆ. ಹಾಗೇ ಆದರೆ ಮತ್ತೂ ಹಾಕುತ್ತೇನೆ.
– ಸಿರ್ಸಿಯಿಂದ

*

ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದ್ದಾರೆ. ಮೊದಲು ಅತ್ತೆ–ಮಾವನನ್ನು ಕೇಳಿ.
– ಭಟ್ಕಳದಿಂದ

*

ಮದುವೆಯಾದಾಗ ಕಾಯಿಲೆ ಇರಲಿಲ್ಲ ಎಂದು ಪತ್ರದಲ್ಲೇ ಇತ್ತು.

*

ನಾನು ದೋಣಿಯ ವಿಷಯ ಮಾತ್ರ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಎರಡು ತಿಂಗಳು ದಡದಲ್ಲಿ ನಿಲ್ಲುವ ದೋಣಿಗೆ ಅವಸರದಲ್ಲಿ ಬಡ್ಡಿ ಸಾಲ ತೆಗೆಯುವುದು ಮೀನುಗಾರಿಕೆ ಬಲ್ಲವರ ಕೆಲಸವಲ್ಲ. ಮಾರಿದವನಿಗೂ ಇದು ಗೊತ್ತಿರಬೇಕು. ಆಸ್ಪತ್ರೆ ಕಾಗದ ಹಿಡಿದು, ಊರ ಹಿರಿಯರೊಬ್ಬರ ಜೊತೆ ಹೋಗಿ ಕೇಳಿ. ಮುಂಗಡದಲ್ಲಿ ಅರ್ಧವಾದರೂ ವಾಪಸ್ ಕೊಟ್ಟಾನು.
– ತದಡಿಯಿಂದ

*

ಒಳ್ಳೆಯ ಸಲಹೆ. ಕಾಗದ ಮಾತ್ರ ಯಜಮಾನರದ್ದು. ಅವರನ್ನು ಕೇಳಿಯೇ ತೋರಿಸಬೇಕು.

*

ನಾನು ನಿವೃತ್ತ ನರ್ಸ್. ಕೊಟ್ಟಿರುವ ಔಷಧಿ ಲಿಥಿಯಂ ಆಗಿದ್ದರೆ ನಮ್ಮ ಕರಾವಳಿಯಲ್ಲಿ ಜಾಸ್ತಿ ಹುಷಾರಾಗಿರಬೇಕು. ಬಿಸಿಲಲ್ಲಿ ಬೆವರಿ, ಇಲ್ಲವೇ ವಾಂತಿ–ಭೇದಿಯಾಗಿ ಮೈಯ ನೀರು, ಉಪ್ಪು ಹೋದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ತೂರಾಡುವುದು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಮೈಕೈ ನೋವೆಂದು ಅಂಗಡಿಯಿಂದ ಐಬುಪ್ರೊಫೇನ್ ತಂದು ನುಂಗಬಾರದು, ಅದೂ ಲಿಥಿಯಂ ಏರಿಸುತ್ತದೆ. ರಕ್ತ ಪರೀಕ್ಷೆಗೆ ಹಿಂದಿನ ಗುಳಿಗೆ ನುಂಗಿ 12 ತಾಸಿನ ಮೇಲೆ ರಕ್ತ ಕೊಡಬೇಕು. ಥೈರಾಯ್ಡ್, ಕಿಡ್ನಿ ಪರೀಕ್ಷೆಯನ್ನೂ ಆಗಾಗ ಮಾಡಿಸಿ. ಯಾವ ಗುಳಿಗೆಯನ್ನೂ ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ.
– ಅಂಕೋಲಾದಿಂದ

*

ಕೊನೆಯ ಪತ್ರ ಬರೆದವರಿಗೆ ಇದೇ ಕಾಯಿಲೆ ಇದೆ. ಅವರು ಬರೆದದ್ದು ಯಜಮಾನರಿಗೆ.

*

ಅಣ್ಣಾ, ನಿಮಗೆ ಗುಳಿಗೆ ಯಾಕೆ ಬೇಡವೋ ನನಗೆ ಗೊತ್ತು. ಮೇನಿಯಾ ಶುರುವಿನಲ್ಲಿ ಬಹಳ ಹಿತ. ಕಾಳಿ ಸೇತುವೆ ಮೇಲೆ ನಿಂತರೆ ಕಾಣುವ ಕಡಲೆಲ್ಲ ನನ್ನದೇ ಅನಿಸುತ್ತಿತ್ತು. ಆ ಹಿತ ನೆನಪಿರುತ್ತದೆ, ಆಮೇಲಿನ ಕುಸಿತ ಮರೆತುಹೋಗುತ್ತದೆ. ನಾನು ಎರಡು ಸಲ ಗುಳಿಗೆ ಬಿಟ್ಟೆ. ಎರಡೂ ಸಲ ದಾಖಲಾದೆ.

ಈಗ ಆರಾಮಿರುವಾಗಲೇ ನಾನೇ ಒಂದು ಚೀಟಿ ಬರೆದು ಹೆಂಡತಿಗೆ ಕೊಟ್ಟಿದ್ದೇನೆ. ಎರಡು ರಾತ್ರಿ ನಾಲ್ಕು ತಾಸಿಗಿಂತ ಕಡಿಮೆ ಮಲಗಿಯೂ ನನಗೆ ದಣಿವಾಗದಿದ್ದರೆ ಅವಳು ಡಾಕ್ಟರಿಗೆ ಫೋನ್ ಮಾಡಬೇಕು. ಕಾರ್ಡ್, ಬೈಕಿನ ಚಾವಿ ಅವಳ ಹತ್ತಿರ ಇರಬೇಕು. ಆಗ ನಾನು ಎಷ್ಟೇ ಜಗಳ ಆಡಿದರೂ ಚೀಟಿಯಲ್ಲಿ ಇರುವುದೇ ನನ್ನ ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಮುಂದೆ ಎಂಥ ಚಿಕಿತ್ಸೆ ಬೇಕು, ಯಾವುದು ಬೇಡ, ನಮ್ಮ ಪರವಾಗಿ ಯಾರು ನಿಲ್ಲಬೇಕು ಎಂದು ಮೊದಲೇ ಬರೆದಿಡಲು ಅವಕಾಶವಿದೆ.

ಯಕ್ಷಗಾನ ಬಿಟ್ಟಿಲ್ಲ. ಬೆಳಗಿನ ತನಕ ಕೂರುವುದನ್ನು ಬಿಟ್ಟಿದ್ದೇನೆ. ಕಾಲಮಿತಿ ಆಟವಾದರೆ ಮಂಗಳದ ತನಕ ನೋಡುತ್ತೇನೆ.
– ಕಾರವಾರದಿಂದ

*

ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು–ರಾತ್ರಿ ಯಾವಾಗಲೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬಂದ ಪತ್ರಗಳನ್ನೆಲ್ಲ ಕಟ್ಟಿ ಕುಮಟಾಕ್ಕೆ ಕಳಿಸಿದ್ದೇವೆ. ಕಾರವಾರದ ಪತ್ರವನ್ನು ಬೇರೆ ಲಕೋಟೆಯಲ್ಲಿಟ್ಟು ಯಜಮಾನರ ಹೆಸರು ಬರೆದಿದ್ದೇವೆ.