ಅಪ್‌ಡೇಟ್: ಕಡಿಮೆ ಖರ್ಚಿನಲ್ಲಿ ಹಳೆಯ ಫೋಟೊಗಳ ಸ್ಕ್ರ್ಯಾಪ್‌ಬುಕ್

ಅಜ್ಜಿಯ ಟ್ರಂಕಿನಲ್ಲಿದ್ದ ಫೋಟೊಗಳಿಂದ 500 ರೂಪಾಯಿಯೊಳಗೆ ಸ್ಕ್ರ್ಯಾಪ್‌ಬುಕ್ ಮಾಡುವುದು ಹೇಗೆಂದು ಕೇಳಿದ್ದೆನಲ್ಲ, ನೀವೆಲ್ಲ ಕೊಟ್ಟ ಸಲಹೆಗಳಲ್ಲಿ ಕೆಲವನ್ನು ಪ್ರಯತ್ನಿಸಿ ಮೊದಲ ಪುಸ್ತಕ ಮುಗಿಯಿತು. ದುಡ್ಡೂ ಸ್ವಲ್ಪ ಮಿಕ್ಕಿದೆ.

ಗೆದ್ದದ್ದು ಕಾಗದದ ಮೂಲೆಗಳ ಸಲಹೆ. ಕಾಗದದ ಪಟ್ಟಿಯನ್ನು ಪುಟ್ಟ ತ್ರಿಕೋನದ ಜೇಬಾಗಿ ಮಡಚಿ, ಅದರ ಬೆನ್ನಿಗೆ ಮಾತ್ರ ಅಂಟು ಹಚ್ಚಿ, ಫೋಟೊದ ನಾಲ್ಕೂ ತುದಿಗಳನ್ನು ಇಂಥ ನಾಲ್ಕು ಜೇಬುಗಳೊಳಗೆ ಸಿಕ್ಕಿಸುವುದು. ಫೋಟೊಗೆ ಅಂಟು ತಾಗುವುದೇ ಇಲ್ಲ. ಬೇಕಾದಾಗ ತೆಗೆದು ಹಿಂಬದಿಯ ಬರಹವನ್ನೂ ಓದಬಹುದು. ಹೇಳಿಕೊಟ್ಟವರಿಗೆ ಒಂದು ಡಬ್ಬಿ ಚಕ್ಕುಲಿ ಬಾಕಿ ಇದೆ. ಪುಟಗಳಿಗೆ ಮೈಸೂರಿನ ಸಯ್ಯಾಜಿರಾವ್ ರಸ್ತೆ ಕಡೆಯ ಸ್ಟೇಷನರಿ ಅಂಗಡಿಯಲ್ಲಿ ಆಮ್ಲರಹಿತ (ಅಂದರೆ ಫೋಟೊಗಳನ್ನು ಬೇಗ ಹಾಳುಮಾಡದ ಕಾಗದ) ಎಂದು ನಮೂದಿಸಿದ್ದ ಡ್ರಾಯಿಂಗ್ ಪುಸ್ತಕ ಸಿಕ್ಕಿತು.

ಮೈದಾ ಅಂಟಿನ ಸಲಹೆಯನ್ನು ಕೈಬಿಟ್ಟೆ. ಪಿಷ್ಟವೆಂದರೆ ಜಿರಲೆಗಳಿಗೆ ಹಬ್ಬದೂಟ. ಹಳೆಯ ಮದುವೆ ಪತ್ರಿಕೆಗಳ ಅಂಚು ಚೆಂದವೇನೋ ಹೌದು, ಆದರೆ ಅದರ ಮಿನುಗುಪುಡಿ ಎಲ್ಲೆಲ್ಲೂ ಉದುರಿ ಅತ್ತೆಯ ಸೀರೆಗೂ ಹತ್ತಿತು.

ಅಚ್ಚರಿಯಾದದ್ದು ಬೇರೆಯೇ. ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಹಳೆಯ ಆಲ್ಬಮ್‌ಗಳಲ್ಲಿ ಆ ಅಂಟೇ ಫೋಟೊಗಳನ್ನು ಹಳದಿಯಾಗಿಸುತ್ತದೆಯಂತೆ. ಅಜ್ಜ ದಸರಾ ವಸ್ತುಪ್ರದರ್ಶನದಲ್ಲಿ ತೆಗೆಸಿಕೊಂಡಿದ್ದ ಫೋಟೊ ಅಂಥದೊಂದು ಆಲ್ಬಮ್‌ನ ಅಂಟಿಗೆ ಕಚ್ಚಿಕೊಂಡಿತ್ತು. ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು ಅಡಿಯಲ್ಲಿ ಮೆಲ್ಲಗೆ ಗರಗಸದಂತೆ ಎಳೆದಾಗ ಹರಿಯದೆ ಬಿಟ್ಟುಕೊಂಡಿತು. ಅಂಥ ಫೋಟೊವನ್ನು ಎಬ್ಬಿಸುವ ಮೊದಲು ಮೊಬೈಲಿನಲ್ಲಿ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.

ಹೊಳಪಿನ ಬಣ್ಣದ ಫೋಟೊಗಳ ಬೆನ್ನ ಮೇಲೆ ಪೆನ್ಸಿಲ್ ಬರಹ ಮೂಡಲಿಲ್ಲ. ಅವುಗಳ ಹೆಸರು, ಊರುಗಳನ್ನು ಪುಟದಲ್ಲೇ ಬರೆದಿದ್ದೇನೆ.