ಬ್ರೇಕ್ ಪ್ಯಾಡ್ ಸವೆದಿದೆ ಅಂದರು, ಎಸ್ಟಿಮೇಟ್‌ನಲ್ಲಿ ಇಡೀ ಬ್ರೇಕ್ ಸೆಟ್ಟೇ ಇದೆ. ಇಷ್ಟೆಲ್ಲ ಬೇಕಾ?

ಹಳೆ ಹ್ಯಾಚ್‌ಬ್ಯಾಕ್

ಎಲ್ಲರಿಗೂ ನಮಸ್ಕಾರ. ನನ್ನ ಕಾರಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಈಚೆಗೆ ನಿಧಾನವಾಗಿ ಹೋಗುವಾಗ ಮುಂದಿನ ಎಡ ಚಕ್ರದಿಂದ ಕೀಂಯ್ ಅಂತ ಸಣ್ಣಗೆ ಶಬ್ದ ಬರುತ್ತಿದೆ. ಬ್ರೇಕ್ ಜೋರಾಗಿ ಒತ್ತಿದರೆ ನಿಲ್ಲುತ್ತದೆ. ಪೆಡಲ್ ಗಟ್ಟಿಯಾಗಿದೆ, ಕಾರು ನೇರವಾಗಿಯೇ ನಿಲ್ಲುತ್ತದೆ, ಬೇರೆ ಏನೂ ತೊಂದರೆ ಕಾಣಿಸಿಲ್ಲ.

ಸರ್ವಿಸ್‌ಗೆ ಬಿಟ್ಟಾಗ ಇದನ್ನು ಹೇಳಿದೆ. ಸಂಜೆ ಫೋನ್ ಮಾಡಿ ಉದ್ದದ ಪಟ್ಟಿ ಓದಿದರು. ಮುಂದಿನ ಪ್ಯಾಡ್, ಎರಡೂ ಡಿಸ್ಕ್, ಎರಡೂ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ), ಹಿಂದಿನ ಬ್ರೇಕ್ ಶೂ (ಡ್ರಮ್ ಒಳಗೆ ಉಜ್ಜುವ ಭಾಗ), ಬ್ರೇಕ್ ಆಯಿಲ್, ಅದರ ಮೇಲೆ ಬ್ರೇಕ್ ಕ್ಲೀನಿಂಗ್ ಚಾರ್ಜ್, ಪ್ರತಿಯೊಂದಕ್ಕೂ ಬೇರೆ ಬೇರೆ ಲೇಬರ್. ಯಾಕೆ ಇಷ್ಟೊಂದು ಅಂತ ಕೇಳಿದರೆ "ಬ್ರೇಕ್ ವಿಷಯ ಸರ್, ರಿಸ್ಕ್ ತಗೋಬೇಡಿ" ಅಂದರು. ಆ ಒಂದು ಮಾತು ಬಂದರೆ ಯಾರಿಗಾದರೂ ಬೇಡ ಅನ್ನುವುದು ಕಷ್ಟ ಅಲ್ವಾ. ಮನೆಯವರನ್ನೆಲ್ಲ ಕೂರಿಸಿಕೊಂಡು ಓಡಿಸುವ ಕಾರು, ಬ್ರೇಕ್‌ನಲ್ಲಿ ಚೌಕಾಸಿ ಮಾಡುವ ಆಸೆ ನನಗಿಲ್ಲ. ಆದರೆ ಬೇಡದ ಕೆಲಸಕ್ಕೆ ದುಡ್ಡು ಕೊಡುವುದಕ್ಕೂ ಮನಸ್ಸು ಒಪ್ಪುತ್ತಿಲ್ಲ. ಇದರಲ್ಲಿ ನಿಜವಾಗಿ ಬೇಕಾದದ್ದು ಯಾವುದು ಅಂತ ತಿಳಿಯುವುದು ಹೇಗೆ? ಇನ್ನೂ ಒಪ್ಪಿಗೆ ಕೊಟ್ಟಿಲ್ಲ.

ಗ್ರೀಸ್ ಕೈ

ಒಪ್ಪಿಗೆ ಕೊಡದೆ ಇದ್ದದ್ದು ಒಳ್ಳೆಯದಾಯಿತು. ರೇಟು ಆಮೇಲೆ ನೋಡೋಣ, ಮೊದಲು ಅಳತೆ ಕೇಳಿ. ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ, ಡಿಸ್ಕ್ ಎಷ್ಟು ದಪ್ಪ ಇದೆ. ಇವೆರಡನ್ನೂ ಹೇಳದೆ "ಸವೆದಿದೆ" ಅಂತ ಮಾತ್ರ ಹೇಳುವವರ ಎಸ್ಟಿಮೇಟ್‌ಗೆ ಅರ್ಥವೇ ಇಲ್ಲ.

ಹೊಸ ಪ್ಯಾಡ್‌ನಲ್ಲಿ ಉಜ್ಜುವ ಭಾಗ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರುತ್ತದೆ. ಹಿಂದಿನ ಕಬ್ಬಿಣದ ತಗಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. 3 ಮಿ.ಮೀ.ಗೆ ಬಂತು ಅಂದರೆ ಬದಲಾಯಿಸುವ ಸಮಯ. 2ಕ್ಕೆ ಬಂದರೆ ತಡಮಾಡುವ ಹಾಗಿಲ್ಲ. ನೀವು ಹೇಳುವ ಕೀಂಯ್ ಶಬ್ದ ಬಹುಶಃ ಪ್ಯಾಡ್‌ಗೆ ಹಾಕಿರುವ ಸಣ್ಣ ಸ್ಟೀಲ್ ಪಟ್ಟಿಯದು. ಪ್ಯಾಡ್ ಒಂದು ಮಟ್ಟಕ್ಕಿಂತ ಸವೆದಾಗ ಆ ಪಟ್ಟಿ ಡಿಸ್ಕ್‌ಗೆ ತಾಗಲಿ, ಓಡಿಸುವವರಿಗೆ ಗೊತ್ತಾಗಲಿ ಅಂತಲೇ ಇಟ್ಟಿರುವುದು. ಅದು ಎಚ್ಚರಿಕೆ ಅಷ್ಟೆ. ಗರಗರ ಅಂತ ಉಜ್ಜುವ ಶಬ್ದ ಬಂದರೆ ಅದು ಬೇರೆ ಕಥೆ. ಆಗ ಪ್ಯಾಡ್ ಪೂರ್ತಿ ಮುಗಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿರುತ್ತದೆ, ಡಿಸ್ಕ್ ಬೇಗ ಹಾಳಾಗುತ್ತದೆ, ಬ್ರೇಕ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಆ ಸ್ಥಿತಿಯಲ್ಲಿ ಕಾರು ಓಡಿಸಲೇಬಾರದು.

ಡಿಸ್ಕ್ ವಿಷಯಕ್ಕೆ ಬಂದರೆ, ಅದರ ಅಂಚಿನಲ್ಲೋ ನಡುವಿನ ಟೋಪಿಯಂಥ ಭಾಗದಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೆತ್ತಿರುತ್ತಾರೆ. ಅಲ್ಲಿ ತುಕ್ಕು ಹಿಡಿದಿದ್ದರೆ ವೈರ್ ಬ್ರಶ್‌ನಿಂದ ಉಜ್ಜಿದರೆ ಕಾಣುತ್ತದೆ. ನಿಮ್ಮ ಎದುರಿಗೇ ಅಳೆಯಲಿ. ಅಂಚಿನಲ್ಲಿ ಸವೆಯದೆ ಉಳಿದ ದಿಂಡು ಇರುತ್ತದೆ, ಅದರ ಮೇಲೆ ಅಳತೆ ಇಟ್ಟರೆ ತಪ್ಪು ಲೆಕ್ಕ ಬರುತ್ತದೆ. ಪ್ಯಾಡ್ ಉಜ್ಜುವ ಜಾಗದಲ್ಲೇ ಅಳೆಯಬೇಕು.

ಬಿಲ್ ಓದುವವಳು

ಮೇಲೆ ಹೇಳಿದ್ದು ಪೂರ್ತಿ ಸರಿ. ನಾನು ಬಿಲ್ ಬಗ್ಗೆ ಹೇಳುತ್ತೇನೆ, ಯಾಕೆಂದರೆ ದುಡ್ಡು ಸೋರುವುದು ಅಲ್ಲಿ.

ಡಿಸ್ಕ್ ಬದಲಾಯಿಸಬೇಕಾದರೆ ಚಕ್ರ ಬಿಚ್ಚಬೇಕು, ಕ್ಯಾಲಿಪರ್ ಸರಿಸಬೇಕು, ಪ್ಯಾಡ್ ತೆಗೆಯಬೇಕು. ಅಂದರೆ ಪ್ಯಾಡ್ ಹಾಕುವ ಕೆಲಸ ಅದರ ಒಳಗೇ ಬಂತು. ಹಾಗಿದ್ದ ಮೇಲೆ ಪ್ಯಾಡ್‌ಗೆ ಪೂರ್ತಿ ಲೇಬರ್, ಡಿಸ್ಕ್‌ಗೆ ಪೂರ್ತಿ ಲೇಬರ್, ಕ್ಲೀನಿಂಗ್‌ಗೆ ಇನ್ನೊಂದು ಅಂತ ಹಾಕಿದರೆ ಒಂದೇ ಚಕ್ರ ಬಿಚ್ಚಿದ್ದಕ್ಕೆ ಮೂರು ಸಲ ದುಡ್ಡು ಕೊಟ್ಟ ಹಾಗೆ. ಇದನ್ನು ಸಮಾಧಾನದಿಂದಲೇ ಕೇಳಿ, ಜಗಳ ಬೇಕಾಗಿಲ್ಲ. "ಈ ಎರಡು ಕೆಲಸಕ್ಕೆ ಬಿಚ್ಚುವುದು ಒಂದೇ ಸಲ ಅಲ್ವಾ?" ಅಂದರೆ ಸಾಕು, ಹೆಚ್ಚಿನವರು ಅಲ್ಲೇ ಕಡಿಮೆ ಮಾಡುತ್ತಾರೆ.

ಎಸ್ಟಿಮೇಟ್ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಪಾರ್ಟ್ ಬೇರೆ ಲೇಬರ್ ಬೇರೆ ಇರಲಿ. ಪ್ಯಾಡ್ ಸೆಟ್ ಅಂದರೆ ಎಡ ಬಲ ಎರಡೂ ಚಕ್ರಕ್ಕೆ ಸೇರಿ ನಾಲ್ಕು ಪ್ಯಾಡ್, ಒಂದೇ ಡಬ್ಬಿಯಲ್ಲಿ ಬರುತ್ತದೆ. ಬಿಲ್‌ನಲ್ಲಿ ಎರಡು ಸೆಟ್ ಅಂತ ಇದ್ದರೆ ಕೇಳಿ. ಹಳೆ ಪಾರ್ಟ್ ನನಗೆ ಬೇಕು ಅಂತ ಕೆಲಸ ಶುರು ಮಾಡುವ ಮೊದಲೇ ಹೇಳಿಡಿ, ಕೊನೆಯಲ್ಲಿ ಕೇಳಿದರೆ "ಬಿಸಾಡಿದೆವು" ಅನ್ನುತ್ತಾರೆ.

ಕಾರ್ ಕಂಪನಿಯ ಡಬ್ಬಿಯಲ್ಲೇ ಬರುವ ಪ್ಯಾಡ್ ಬೇಕೇಬೇಕು ಅಂತಲೂ ಇಲ್ಲ. ಕಾರ್ ಕಂಪನಿಗಳಿಗೆ ಬ್ರೇಕ್ ಸಾಮಾನು ಮಾಡಿಕೊಡುವ ಬಾಷ್, ಬ್ರೆಂಬೋ ಥರದ ಕಂಪನಿಗಳು ತಮ್ಮದೇ ಹೆಸರಿನಲ್ಲೂ ಮಾರುತ್ತವೆ. ಹೆಸರಿಲ್ಲದ ಅಗ್ಗದ ಪ್ಯಾಡ್ ಮಾತ್ರ ಬೇಡ. ಉಳಿತಾಯ ಮಾಡಬೇಕಾದ ಜಾಗ ಅದಲ್ಲ.

ಲೇತ್ ಪಕ್ಕದವ

ಡಿಸ್ಕ್ ಸ್ವಲ್ಪ ಗೀರು ಬಿದ್ದಿದ್ದರೆ ಲೇತ್‌ನಲ್ಲಿ ಸ್ಕಿಮ್ಮಿಂಗ್ ಮಾಡಿಸಿ, ಅಂದರೆ ಮೇಲ್ಮೈಯನ್ನು ತೆಳುವಾಗಿ ಸವೆಸಿ ಸಮ ಮಾಡಿಸಿ, ಹೊಸದು ಯಾಕೆ? ತುಂಬ ಜನ ಒಳ್ಳೆ ಡಿಸ್ಕ್ ಬಿಸಾಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಗ್ರೀಸ್ ಕೈ

ಸ್ಕಿಮ್ಮಿಂಗ್ ತಪ್ಪಲ್ಲ, ಆದರೆ ಸವೆಸಿದ ಮೇಲೂ ಆ ಕೆತ್ತಿದ ಅಳತೆಗಿಂತ ಜಾಸ್ತಿ ಉಳಿಯಬೇಕು. ತೆಳುವಾದ ಡಿಸ್ಕ್ ಬೇಗ ಕಾಯುತ್ತದೆ, ಇಳಿಜಾರಿನಲ್ಲಿ ಅದೇ ಅಪಾಯ. ಡಿಸ್ಕ್ ಬೆಲೆ ಕಡಿಮೆ ಇರುವ ಸಣ್ಣ ಕಾರುಗಳಲ್ಲಿ ಲೇತ್ ಖರ್ಚು ಹೊಸ ಡಿಸ್ಕ್‌ಗೆ ಹತ್ತಿರ ಬಂದುಬಿಡುತ್ತದೆ, ಆಗ ಹೊಸದೇ ವಾಸಿ. ಬೆರಳಿನ ಉಗುರಿಗೆ ಸಿಕ್ಕಿಕೊಳ್ಳದ ಸಣ್ಣ ಗೀರುಗಳಿಗೆ ಏನೂ ಮಾಡಬೇಕಾಗಿಲ್ಲ. ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗುತ್ತಿದ್ದರೆ ಮಾತ್ರ ಡಿಸ್ಕ್ ಒಂದೇ ಸಮ ಇಲ್ಲ ಅಂತ ಅನುಮಾನ ಪಡಬೇಕು. ಪ್ರಶ್ನೆ ಕೇಳಿದವರ ಕಾರಿನಲ್ಲಿ ನಡುಕ ಇಲ್ಲ.

ಹಳೆ ಹ್ಯಾಚ್‌ಬ್ಯಾಕ್

ಇವತ್ತು ಹೋಗಿ ನಿಂತು ಅಳೆಸಿದೆ. ಎಡಗಡೆ ಹೊರಗಿನ ಪ್ಯಾಡ್ 6 ಮಿ.ಮೀ. ಇದೆ, ಒಳಗಿನದು 2! ಒಂದೇ ಚಕ್ರದಲ್ಲಿ ಇಷ್ಟು ವ್ಯತ್ಯಾಸ. ಬಲಗಡೆ ಎರಡೂ ಹತ್ತಿರ ಹತ್ತಿರ 5. ಡಿಸ್ಕ್ ಎರಡೂ 21.1 ಬಂತು, ಅದರ ಮೇಲೆ 20 ಅಂತ ಕೆತ್ತಿದೆ, ಮೇಲ್ಮೈ ನುಣುಪಾಗಿದೆ. ಹಿಂದಿನ ಡ್ರಮ್ ಬಿಚ್ಚಿಯೇ ಇರಲಿಲ್ಲ, ಆದರೂ ಶೂ ಪಟ್ಟಿಯಲ್ಲಿತ್ತು. ಕೇಳಿದ್ದಕ್ಕೆ "ಕಿಲೋಮೀಟರ್ ನೋಡಿ ಹಾಕಿದ್ವಿ" ಅಂದರು. ಕ್ಯಾಲಿಪರ್ ಮಾತ್ರ ಹೋಗಿದೆ, ಅದಕ್ಕೇ ಒಳಗಿನ ಪ್ಯಾಡ್ ಜಾಸ್ತಿ ಸವೆದಿದೆ ಅಂತ ಹಟ ಹಿಡಿದಿದ್ದಾರೆ. ಇದು ನಿಜವಾ?

ಗ್ರೀಸ್ ಕೈ

ಈಗ ಚಿತ್ರ ಸಿಕ್ಕಿತು. ನಿಮ್ಮ ಥರದ ಕಾರುಗಳಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ. ಆಗ ಕ್ಯಾಲಿಪರ್ ಇಡಿಯಾಗಿ ಎರಡು ಪಿನ್‌ಗಳ ಮೇಲೆ ಒಳಕ್ಕೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್‌ನ ರಬ್ಬರ್ ಹರಿದು ನೀರು ಸೇರಿ ತುಕ್ಕು ಹಿಡಿಯಿತು ಅಂದರೆ ಕ್ಯಾಲಿಪರ್ ಜಾರುವುದಿಲ್ಲ, ಕೆಲಸವೆಲ್ಲ ಒಳಗಿನ ಪ್ಯಾಡ್ ಮೇಲೆ ಬೀಳುತ್ತದೆ. ನಿಮ್ಮ 6 ಮತ್ತು 2 ಹೇಳುತ್ತಿರುವುದು ಹೆಚ್ಚಾಗಿ ಇದನ್ನೇ.

ಇದಕ್ಕೆ ಕ್ಯಾಲಿಪರ್ ಬದಲಾಯಿಸುವ ಮೊದಲು ಪಿನ್ ಹೊರಗೆ ಎಳೆದು ನೋಡಬೇಕು. ಒಳ್ಳೆ ಪಿನ್ ಕೈಯಲ್ಲೇ ಸಲೀಸಾಗಿ ಹಿಂದೆ ಮುಂದೆ ಆಡುತ್ತದೆ. ಹಿಡಿದುಕೊಂಡಿದ್ದರೆ ತುಕ್ಕು ತೆಗೆದು, ಒರೆಸಿ, ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ, ಹೊಸ ರಬ್ಬರ್ ಹಾಕಿದರೆ ಮುಗಿಯಿತು. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಹಚ್ಚಲು ಬಿಡಬೇಡಿ. ಅದರ ಎಣ್ಣೆಗೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಪಿನ್‌ನಲ್ಲೇ ಗುಂಡಿ ಬಿದ್ದಿದ್ದರೆ ಪಿನ್ ಹೊಸದು ಹಾಕಲಿ, ಅದೇನು ದೊಡ್ಡ ಖರ್ಚಲ್ಲ.

ಆಮೇಲೆ ಪಿಸ್ಟನ್. ಹೊಸ ಪ್ಯಾಡ್ ಕೂರಿಸಲು ಅದನ್ನು ಹೇಗೂ ಹಿಂದಕ್ಕೆ ಒತ್ತಲೇಬೇಕು. ಒಂದೇ ಸಮನಾಗಿ ಹೋದರೆ ಕ್ಯಾಲಿಪರ್ ಚೆನ್ನಾಗಿದೆ. ಅಲ್ಲಲ್ಲಿ ಸಿಕ್ಕಿಕೊಂಡರೆ, ಸುತ್ತ ಆಯಿಲ್ ಜಿನುಗಿದ್ದರೆ, ಪಿಸ್ಟನ್ ಮೇಲೆ ತುಕ್ಕು ಕಂಡರೆ ಆಗ ಅವರ ಮಾತು ಸರಿ, ಮರುಮಾತಿಲ್ಲದೆ ಮಾಡಿಸಿ. ಆಗಲೂ ಬಲಗಡೆಯದು ಯಾಕೆ? ಅಲ್ಲಿ ಎರಡೂ ಪ್ಯಾಡ್ ಸಮ ಸವೆದಿವೆ. ಪ್ಯಾಡ್ ಮಾತ್ರ ಎರಡೂ ಕಡೆ ಒಟ್ಟಿಗೇ ಬದಲಾಯಿಸಬೇಕು, ಇಲ್ಲದಿದ್ದರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ.

ಡಿಸ್ಕ್ ಈಗ ಬೇಡ. ಹೊಸದರಲ್ಲಿ 22 ಇತ್ತು ಅಂದುಕೊಂಡರೂ ಇನ್ನೂ 1 ಮಿ.ಮೀ.ಗಿಂತ ಜಾಸ್ತಿ ಉಳಿದಿದೆ. ಸ್ಕಿಮ್ಮಿಂಗ್ ಮಾಡಿಸಿ ಅದನ್ನೂ ಕಳೆದುಕೊಳ್ಳಬೇಡಿ. ಮುಂದಿನ ಸಲ ಪ್ಯಾಡ್ ಮುಗಿದಾಗ ಡಿಸ್ಕ್ ಕೂಡ ಒಟ್ಟಿಗೇ ಮುಗಿಯಬಹುದು. ಡ್ರಮ್ ಬಿಚ್ಚಿ ಶೂ ನೋಡಿ ಹೇಳಲಿ. ಬ್ರೇಕ್‌ನ ಹೆಚ್ಚಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುವುದರಿಂದ ಹಿಂದಿನ ಶೂ ತುಂಬ ಕಾಲ ಬರುತ್ತದೆ.

ಬಿಲ್ ಓದುವವಳು

ಬ್ರೇಕ್ ಆಯಿಲ್ ಮಾತ್ರ ಪಟ್ಟಿಯಿಂದ ತೆಗೆಸಬೇಡಿ, ಎರಡು ವರ್ಷ ಆಗಿದ್ದರೆ. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದರಲ್ಲಿ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಪ್ಯಾಡ್ ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಇನ್ನೊಂದು ವಿಷಯ. ಪ್ಯಾಡ್ ಸವೆದ ಹಾಗೆ ಕಾರಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿಯುವುದು ಸಹಜ. ಮಧ್ಯೆ ಯಾರಾದರೂ ಸುಮ್ನೆ ತುಂಬಿಸಿದ್ದರೆ ಪಿಸ್ಟನ್ ಒತ್ತುವಾಗ ಉಕ್ಕಿ ಹೊರಗೆ ಬರುತ್ತದೆ, ಪೇಂಟ್ ಮೇಲೆ ಬಿದ್ದರೆ ಪೇಂಟ್ ಕಿತ್ತುಬರುತ್ತದೆ. ಮೊದಲೇ ಹೇಳಿ.

ಹಳೆ ಹ್ಯಾಚ್‌ಬ್ಯಾಕ್

ತುಂಬ ಥ್ಯಾಂಕ್ಸ್. ಪಿನ್ ಎಳೆಸಿದೆ, ಕೆಳಗಿನದು ಸುತ್ತಿಗೆ ಏಟಿಗೆ ಬಂತು, ಪೂರ್ತಿ ಕಂದು ತುಕ್ಕು. ಪಿಸ್ಟನ್ ಸಲೀಸಾಗಿ ಹೋಯಿತು. ಡ್ರಮ್ ಬಿಚ್ಚಿದಾಗ ಶೂ ಅರ್ಧಕ್ಕಿಂತ ಜಾಸ್ತಿ ಇತ್ತು. ಹೊಸ ಎಸ್ಟಿಮೇಟ್‌ನಲ್ಲಿ ಮುಂದಿನ ಪ್ಯಾಡ್, ಎಡಗಡೆಗೆ ಪಿನ್ ಮತ್ತು ರಬ್ಬರ್, ಬ್ರೇಕ್ ಆಯಿಲ್, ಒಂದು ಲೇಬರ್ ಇಷ್ಟೇ ಇದೆ. ನಾಳೆ ಕಾರು ಸಿಗುತ್ತದೆ. ತೆಗೆದುಕೊಳ್ಳುವಾಗ ಏನು ನೋಡಬೇಕು?

ಗ್ರೀಸ್ ಕೈ

ಕಾರು ಚಲಿಸುವ ಮೊದಲು ಪೆಡಲ್ ಗಟ್ಟಿ ಆಗುವವರೆಗೆ ನಿಂತಲ್ಲೇ ಒತ್ತಿ ನೋಡಿ. ಪಿಸ್ಟನ್ ಹಿಂದಕ್ಕೆ ಹೋಗಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಸಿಗದೆ ಇರಬಹುದು. ಒತ್ತಿ ಹಿಡಿದಾಗ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನ್‌ನಲ್ಲಿ ಗಾಳಿ ಉಳಿದಿದೆ, ಅಲ್ಲೇ ಮತ್ತೆ ಬ್ಲೀಡ್ ಮಾಡಿಸಿ, ಅಂದರೆ ಆ ಗಾಳಿ ಹೊರಗೆ ತೆಗೆಸಿ. ಚಕ್ರದ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ಸಮವಾಗಿ ಬಿಗಿ ಮಾಡಿದ್ದಾರಾ ಕೇಳಿ.

ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ ಮಧ್ಯಮವಾಗಿ ಬ್ರೇಕ್ ಹಾಕಿ, ಪೂರ್ತಿ ನಿಲ್ಲಿಸದೆ ಸ್ವಲ್ಪ ದೂರ ಓಡಿಸಿ ತಣಿಸಿ, ಹೀಗೆ ಕೆಲವು ಸಲ ಮಾಡಿ. ಮೊದಲ ಒಂದಷ್ಟು ದಿನ ತೀರಾ ಅಗತ್ಯ ಬಿದ್ದರೆ ಬಿಟ್ಟು ಗಕ್ಕನೆ ಒತ್ತಬೇಡಿ. ಸ್ವಲ್ಪ ಸುಟ್ಟ ವಾಸನೆ ಬಂದರೆ ಗಾಬರಿ ಬೇಡ. ಆದರೆ ಎಡ ಚಕ್ರವೊಂದೇ ಬಲಗಡೆಗಿಂತ ತುಂಬ ಬಿಸಿ ಆಗುತ್ತಿದ್ದರೆ ಪಿನ್ ಇನ್ನೂ ಸರಿಯಾಗಿ ಜಾರದೆ ಇರಬಹುದು, ಅವತ್ತೇ ವಾಪಸ್ ಹೋಗಿ ಬಿಚ್ಚಿಸಿ.